ಬೆಂಕಿ ಬೆಟ್ಟದ ಬುಡದ ಬಿಡದಿ

ವೆರಿಬೀ, ಮೆಲ್ಬರ್ನ್
ಸೆಪ್ಟೆಂಬರ್ ೨೦೦೯

ಮ್ಯಾಕ್ವೆರಿ ಪಾರ್ಕಿನ ಇಂದಿರಮ್ಮನವರಿಗೆ ಬಾಳಪ್ಪನ ತಗ್ಗಿದ ದನಿಯ ನಮಸ್ಕಾರ.

ತಗ್ಗಿದ ದನಿ ಎಂದು ಬರೆದು ನಾನೇ ಆ ಮಾತನ್ನು ಇನ್ನೊಮ್ಮೆ ನೋಡಿಕೊಂಡೆ. ನನಗೂ ಅದಕ್ಕೂ ಪರಿಚಯವೇ ಇಲ್ಲ. ನಾಟಕ ಕಂಪನಿಯ ತಗಡಿನ ಥೇಟರಿನಲ್ಲಿ ಬೆಳೆದವನು ನಾನು. ಮೈಕು ಕೈಕೊಟ್ಟರೂ ಕಟ್ಟಕಡೆಯ ಚಾಪೆಯಲ್ಲಿ ಕೂತವನಿಗೆ ಮಾತು ಮುಟ್ಟಬೇಕು ಎಂದು ತಿದ್ದಿ ತೀಡಿದ ಗಂಟಲು ಇದು. ನಾನು ಫೋನ್ ಮಾಡಿದರೆ ನಿಮ್ಮ ಯಜಮಾನರು ರಾಜಣ್ಣನವರು ರಿಸೀವರನ್ನು ಕಿವಿಯಿಂದ ಗೇಣುದ್ದ ದೂರ ಹಿಡಿಯುತ್ತಾರಂತೆ, ಮಗಳು ಆರತಿ ಹೇಳಿದ್ದಾಳೆ. ಇಂಥ ಗಂಟಲಿನಿಂದ ಕ್ಷಮಿಸಿ ಎಂದರೆ ಅದು ಮೂರನೆಯ ಅಂಕದ ಕೊನೆಯ ಡೈಲಾಗಿನಂತೆ ಕೇಳಿಸುತ್ತದೆ. ಎದುರಿಗಿದ್ದವರು ಚಪ್ಪಾಳೆ ತಟ್ಟಬೇಕೋ ಕ್ಷಮಿಸಬೇಕೋ ತಿಳಿಯದೆ ಒದ್ದಾಡುತ್ತಾರೆ. ಅದಕ್ಕೇ ಈ ಕಾಗದ. ಕಾಗದದಲ್ಲಿ ಕೂಗಲು ಬರುವುದಿಲ್ಲ.

ಕಳೆದ ಭಾನುವಾರ ಫೋನಿನಲ್ಲಿ ನೀವು, "ಚೆನ್ನಾಗಿದೀರಾ ಬೀಗರೇ?" ಎಂದು ಕೇಳಿದಿರಿ. ನಾನು ಬಲು ಜೋರಾಗಿ "ಆರಾಮ್ ಅದೀನ್ರಿ" ಎಂದೆ. ಫೋನಿಟ್ಟ ಮೇಲೆ ಗ್ಯಾರೇಜಿಗೆ ಹೋಗಿ ಸುಮ್ಮನೆ ನಿಂತುಕೊಂಡೆ. ನನ್ನ ಮಗಳು ನಿಮ್ಮ ಶ್ರೀನಾಥನ ಕೈಹಿಡಿದ ದಿನದಿಂದ ನೀವು ನನ್ನನ್ನು ಬೀಗರೇ ಎಂದು ಕರೆದವರಲ್ಲ. ಮದುವೆಯ ಊಟದ ಪಂಕ್ತಿಯಲ್ಲೇ "ಬಾಳಪ್ಪಣ್ಣ, ಸಾರು ಈ ಕಡೆ" ಎಂದು ಕೂಗಿ, ಬೀಗರು ಎಂಬ ಬಿಗುಮಾನವನ್ನೆಲ್ಲ ಒಂದೇ ಏಟಿಗೆ ಕೆಳಗಿಳಿಸಿದವರು. ಈಗ ಆ ಬಾಳಪ್ಪಣ್ಣ ಇಲ್ಲ. ಅವನು ಎಲ್ಲಿ ಸತ್ತ ಎಂಬುದು ನನಗೆ ಗೊತ್ತು. ತಾನ್ನಾ ದ್ವೀಪದ ಏರ್‌ಪೋರ್ಟಿನಲ್ಲಿ, ಜೂನ್ ತಿಂಗಳ ಒಂದು ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ ಸತ್ತ. ಕೊಂದವನು ನಾನು.

ಅದೆಲ್ಲ ನಿಮಗೆ ಗೊತ್ತಿರುವ ಕಥೆಯೇ. ಆದರೆ ನನ್ನ ಕಡೆಯಿಂದ ಅದು ಹೇಗೆ ಕಂಡಿತು ಎಂಬುದು ಗೊತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ, ತಾಳ್ಮೆ ಇರಲಿ.

ಯುಗಾದಿಗೆ ನೀವಿಬ್ಬರೂ ಸಿಡ್ನಿಯಿಂದ ನಮ್ಮ ಮನೆಗೆ ಬಂದಿರಿ. ನಮ್ಮ ಮನೆಯವಳು ಚನ್ನಕ್ಕ ಹೋಳಿಗೆ ಬಡಿಸುತ್ತಿದ್ದಳು. ಬೀಗರೆಲ್ಲ ಸೇರಿ ಒಂದು ಪ್ರವಾಸ ಹೋಗೋಣ ಎಂದವನು ನಾನೇ. ಎಲ್ಲಿಗೆ ಎಂದು ಕೇಳಿದವನೂ ನಾನೇ. ಗೋಲ್ಡ್ ಕೋಸ್ಟ್ ಅನ್ನುತ್ತೀರಿ ಎಂದುಕೊಂಡಿದ್ದೆ. ನೀವು ಎಲೆಯ ಮೇಲಿಂದ ಕೈ ಎತ್ತಿ, "ಜ್ವಾಲಾಮುಖಿ" ಎಂದಿರಿ.

ತಿಪಟೂರಿನ ಹೈಸ್ಕೂಲಿನಲ್ಲಿ ನೀವು ಭೂಗೋಳದ ಟೀಚರು. ಸೇರಿದ ವರ್ಷದಿಂದ ರಿಟೈರ್ ಆಗುವವರೆಗೂ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಅದೇ ಬೆಟ್ಟ ಬರೆದಿರಿ: ಬಿಳಿ ಸೀಮೆಸುಣ್ಣದಲ್ಲಿ ಬೆಟ್ಟ, ಕೆಂಪಿನಲ್ಲಿ ಲಾವಾ. ಕೆಂಪು ಸೀಮೆಸುಣ್ಣ ಬೇಗ ಮುಗಿಯುತ್ತೆ ಅಂತ ಹೆಡ್‌ಮಾಸ್ಟರು ಗೊಣಗುತ್ತಿದ್ದರಂತೆ. ಒಮ್ಮೆ ಒಬ್ಬಳು ಹುಡುಗಿ, "ಮಿಸ್, ನೀವು ನೋಡಿದೀರಾ?" ಎಂದಳಂತೆ. "ನೋಡ್ತೀನಿ ಕೂತ್ಕೋ" ಎಂದಿರಂತೆ ನೀವು. ಎಲ್ಲರೂ ನಕ್ಕೆವು. ನೀವೂ ನಕ್ಕಿರಿ. ಆದರೆ ನಿಮ್ಮ ಹೋಳಿಗೆ ಎಲೆಯಲ್ಲೇ ಆರುತ್ತಿತ್ತು. ತುಪ್ಪ ಹೆಪ್ಪುಗಟ್ಟಿದ್ದೂ ನಿಮಗೆ ಗೊತ್ತಾಗಲಿಲ್ಲ.

ಊಟವಾದ ಮೇಲೆ ನೀವು ಬ್ಯಾಗಿನಿಂದ ಪ್ರಿಂಟ್‌ಔಟ್ ತೆಗೆದಿರಿ. ಸಿಡ್ನಿಯಿಂದ ವಿಮಾನದಲ್ಲಿ ವನುವಾಟು ದೇಶ; ಅಲ್ಲಿಂದ ಚಿಕ್ಕ ವಿಮಾನದಲ್ಲಿ ತಾನ್ನಾ ಎಂಬ ದ್ವೀಪ; ಅಲ್ಲಿ ಯಾಸೂರ್ ಎಂಬ ಬೆಂಕಿ ಬೆಟ್ಟ, ಅಂಚಿನವರೆಗೂ ನಡೆದು ಹೋಗಿ ಒಳಗೆ ಇಣುಕಬಹುದು. ಉಳಿಯಲು ಎರಡು ಬಗೆ. ಪಶ್ಚಿಮದ ದಂಡೆಯಲ್ಲಿ ಈಜುಕೊಳವಿರುವ ರೆಸಾರ್ಟು. ಪೂರ್ವಕ್ಕೆ, ಬೆಟ್ಟದ ಬುಡದಲ್ಲೇ, ನವೋಮಿ ಎಂಬ ಹೆಂಗಸಿನ ಬಿದಿರಿನ ಗುಡಿಸಲು. ನೀವು ಅಂದ ಮಾತು ಇವತ್ತಿಗೂ ಅಕ್ಷರ ಬಿಡದೆ ಹೇಳಬಲ್ಲೆ.

"ರೆಸಾರ್ಟಿಂದ ಬೆಟ್ಟಕ್ಕೆ ಗಾಡೀಲಿ ಎರಡು ಗಂಟೆ ದಾರಿ ಬಾಳಪ್ಪಣ್ಣ. ಒಂದು ಸಲ ಹೋಗಿ ನೋಡಿ ಬರಬಹುದು ಅಷ್ಟೇ. ಅವತ್ತು ಮೋಡ ಇದ್ರೆ ಮುಗೀತು. ನವೋಮಿ ಹತ್ರ ಇದ್ರೆ ಮೋಡ ಸರಿಯೋ ತನಕ ಕಾಯಬಹುದು, ಸರಿದ ತಕ್ಷಣ ನಡ್ಕೊಂಡೇ ಹತ್ತಬಹುದು. ಕರೆಂಟಿಲ್ಲ, ಲಾಟೀನು. ಬಕೆಟ್ ನೀರು. ಮಂಚ ಇಲ್ದಿದ್ರೂ ಪರವಾಗಿಲ್ಲ. ಮಲಗಿದ್ರೆ ನೆಲದಲ್ಲೇ ಬೆಟ್ಟದ ಸದ್ದು ಕೇಳುತ್ತಂತೆ. ಬೆಳಿಗ್ಗೆ ಎದ್ದಾಗ ಹೊದಿಕೆ ಮೇಲೆ ಬೂದಿ ಇರುತ್ತಂತೆ!"

ಬೂದಿ ಇರುತ್ತಂತೆ ಎನ್ನುವಾಗ ನಿಮ್ಮ ಮುಖ ಮಲ್ಲಿಗೆ ಇರುತ್ತಂತೆ ಎನ್ನುವ ಹಾಗೆ ಅರಳಿತ್ತು. ನಾನೇನು ಮಾಡಿದೆ? ಎದ್ದು ನಿಂತೆ. ಎದೆ ಮೇಲೆ ಕೈಯಿಟ್ಟೆ. "ಬೂದಿ ನಮ್ಮ ಕಡೆ ಹಣೀಗೆ ಹಚ್ಕೋತೀವ್ರಿ ಬೀಗತೇರ, ಹಾಸಿಗಿ ಮ್ಯಾಲೆ ಹಾಸ್ಕೊಳ್ಳಾಂಗಿಲ್ಲ!" ಎಂದು ಗೋಡೆ ನಡುಗುವ ಹಾಗೆ ಹೇಳಿದೆ. ರಾಜಣ್ಣನವರು ನಕ್ಕರು, ಆರತಿ, ಶ್ರೀನಾಥ್ ನಕ್ಕರು. ನಗು ಬಿದ್ದಿತೆಂದರೆ ಮುಗಿಯಿತು, ಎದುರಿನವರು ಏನೆಂದರು ಎಂಬುದು ನನ್ನಂಥವನ ತಲೆಯಿಂದ ಹಾರಿಹೋಗುತ್ತದೆ. ಬುಕಿಂಗ್ ಜವಾಬ್ದಾರಿ ನನ್ನದು, ಹೆಣ್ಣಿನ ತಂದೆ ಇದ್ದೂ ಬೀಗರು ತಮ್ಮ ಬಿಡದಿ ತಾವೇ ಹುಡುಕುವುದೆಂದರೇನು ಎಂದು ಪಟ್ಟು ಹಿಡಿದು ನಿಮ್ಮಿಂದ ನವೋಮಿಯ ಫೋನ್ ನಂಬರ್ ಇಸಿದುಕೊಂಡೆ. ನೀವು ನಂಬಿ ಕೊಟ್ಟಿರಿ.

ಬಿಡದಿ! ಇಂದಿರಮ್ಮನವರೇ, ನಿಮಗೆ ಅದು ಮದುವೆಗೆ ಬಂದ ಗಂಡಿನ ಕಡೆಯವರನ್ನು ಇಳಿಸುವ ಮನೆ, ಅಷ್ಟೇ. ನನಗೆ ಅದೊಂದು ಹುಣ್ಣು.

ನನ್ನ ಅಕ್ಕ ರತ್ನವ್ವನ ಮದುವೆಯ ಹೊತ್ತಿಗೆ ಕಂಪನಿಯ ಕ್ಯಾಂಪು ರಾಣೆಬೆನ್ನೂರಿನಲ್ಲಿತ್ತು. ನಮಗೆ ಸ್ವಂತ ಮನೆ ಎಂಬುದಿರಲಿಲ್ಲ; ಥೇಟರೇ ಮನೆ. ಬೀಗರನ್ನು ಎಲ್ಲಿ ಇಳಿಸುವುದು ಎಂದು ಅಪ್ಪ ಚಿಂತೆಗೆ ಬಿದ್ದಾಗ ಗಂಡಿನ ಚಿಕ್ಕಪ್ಪ ನಗುನಗುತ್ತ, "ನಮಗೇನ್ರಿ, ಎಲ್ಲಿ ಇಳಿಸಿದ್ರೂ ನಡೀತೈತಿ" ಎಂದ. ಅಪ್ಪ ನಂಬಿದ. ರಂಗದ ಹಿಂದೆ ಬಣ್ಣದ ಕೋಣೆಯನ್ನು ಗುಡಿಸಿ ಸಾರಿಸಿ, ದರ್ಬಾರ್ ಸೀನಿನ ಪರದೆಗಳನ್ನೇ ಗೋಡೆಯಂತೆ ಕಟ್ಟಿ, ಹೊಸ ಚಾಪೆ ಹಾಸಿ ಇಳಿಸಿದ. ಮರುದಿನ ತುಂಬಿದ ಪಂಕ್ತಿಯಲ್ಲಿ ಅದೇ ಚಿಕ್ಕಪ್ಪ ಎದ್ದು ನಿಂತು, "ಅರಮನಿ ಚಿತ್ರದ ಹಿಂದ ಮಲಗಿಸ್ಯಾರಪ್ಪೋ ನಮ್ಮನ್ನ, ಪಹರೇಕ ಇಲಿ ಇಟ್ಟಾರ!" ಎಂದ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ವರ್ಷಗಟ್ಟಲೆ ರಾಜನ ಪಾರ್ಟು ಮಾಡಿದ ಅಪ್ಪ, ಕಿರೀಟವಿಲ್ಲದ ತಲೆ ತಗ್ಗಿಸಿ, ಕೈಯಲ್ಲಿದ್ದ ಬುಂದಿಯ ಬುಟ್ಟಿ ಕೆಳಗಿಡಲೂ ಆಗದೆ ನಿಂತಿದ್ದ. ಆ ಮಾತು ರತ್ನವ್ವನ ಬೆನ್ನು ಬಿಡಲಿಲ್ಲ. ಅವಳು ಕುಬಸ ಹೊಲಿಸಿಕೊಂಡರೂ, ಮಗನಿಗೆ ಹೆಸರಿಟ್ಟರೂ ಯಾರಾದರೊಬ್ಬರು ಇಲಿಯ ಮಾತು ತೆಗೆಯುತ್ತಿದ್ದರು.

ಅವತ್ತು ನಾನು ಕಲಿತ ಪಾಠ ಇಷ್ಟೇ: ಬೀಗರು ಬೇಡ ಎಂದರೆ ಬೇಕು. ನಡೆಯುತ್ತದೆ ಎಂದರೆ ನಡೆಯುವುದಿಲ್ಲ. ಚಾಪೆ ಸಾಕು ಎಂದರೆ ಪಲ್ಲಂಗ ಹಾಸಬೇಕು.

ಚನ್ನಕ್ಕ ಎಚ್ಚರಿಸಿದ್ದಳು. ಅದನ್ನೂ ಬರೆಯದಿದ್ದರೆ ಅವಳು ಈ ಕಾಗದ ಪೋಸ್ಟ್ ಮಾಡಲು ಬಿಡುವುದಿಲ್ಲ. ನಾನು ಫೋನ್ ಕೈಗೆತ್ತಿಕೊಂಡಾಗ ಅವಳು ಬೆಳ್ಳುಳ್ಳಿ ಸುಲಿಯುತ್ತ, "ಆಕಿ ಖರೇನ ಅಂದಿರಬೇಕಲ್ರೀ? ಗುಡಿಸಲಾನ ಬೇಕಂತ?" ಎಂದಳು.

"ಬೀಗರ ಮಾತು ಖರೇ ಇರಾಂಗಿಲ್ಲ" ಎಂದೆ.

"ಎಲ್ಲಾ ಬೀಗರೂ ನಿಮ್ಮ ಅಕ್ಕನ ಬೀಗರೇನು?"

ನಾನು ನಂಬರ್ ಒತ್ತಿದೆ.

ನವೋಮಿ ಫೋನಿನ ಸಿಗ್ನಲ್ಲಿಗಾಗಿ ದಿಬ್ಬ ಹತ್ತಿ ನಿಂತು ಮಾತಾಡುತ್ತಿದ್ದಳಂತೆ. ಗಾಳಿಯ ಸದ್ದು, ನಡುನಡುವೆ ಕೋಳಿಯ ಕೂಗು. ನೀವು ಆಗಲೇ ಅವಳಿಗೆ ಫೋನ್ ಮಾಡಿ ಬರುವ ದಿನ ತಿಳಿಸಿದ್ದಿರಂತೆ; ಟೀಚರಮ್ಮ ಬರುತ್ತಾರೆಂದು ಒಂದು ಗೋಡೆ ಹೊಸದಾಗಿ ಹೆಣೆಸಿದ್ದೇವೆ ಎಂದು ಅವಳೇ ಸಂತೋಷದಿಂದ ಶುರು ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡು, ನನ್ನ ದರ್ಬಾರು ಇಂಗ್ಲಿಷಿನಲ್ಲಿ, ಅವರು ದೊಡ್ಡ ಜನ, ಗುಡಿಸಲಿನಲ್ಲಿ ಮಲಗುವವರಲ್ಲ, ಬುಕಿಂಗ್ ಬೇಡ ಎಂದೆ. ಅವಳು ಕೇಳಿದ್ದು ಒಂದೇ: "ಟೀಚರಮ್ಮ ಹಾಗಂದರಾ?"

"ಹೌದು" ಎಂದೆ. ನಿಮ್ಮ ಹೆಸರಿನಲ್ಲಿ ಹೌದು ಎಂದೆ.

ಆಮೇಲೆ ಈಜುಕೊಳದ ರೆಸಾರ್ಟಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಎರಡು ಕೋಣೆ ಬುಕ್ ಮಾಡಿದೆ. ನಿಮಗೆ ಹೇಳಲಿಲ್ಲ. ನಾಟಕದವನಲ್ಲವೇ? ಮುಂಪರದೆಯ ಮೇಲೆ ಕಾಡು, ಶಿಳ್ಳೆ ಹೊಡೆದ ಕೂಡಲೇ ಪರದೆ ಎದ್ದು ಜಗಜಗ ಹೊಳೆಯುವ ಅರಮನೆ! ನಿಮ್ಮ ಮುಖ ನೋಡಬೇಕು, ರಾಜಣ್ಣನವರು ನನ್ನ ಬೆನ್ನು ತಟ್ಟಬೇಕು, ರಾಣೆಬೆನ್ನೂರಿನ ಆ ಪಂಕ್ತಿ ಅಲ್ಲೆಲ್ಲೋ ಕೂತು ನೋಡಬೇಕು.

ಪರದೆ ಎದ್ದಿತು. ಆದರೆ ರಂಗದ ಮೇಲೆ ನಾನು ಎಣಿಸಿದ ದೃಶ್ಯ ಇರಲಿಲ್ಲ.

ತಾನ್ನಾದ ಏರ್‌ಪೋರ್ಟ್ ಎಂದರೆ ಒಂದು ತಗಡಿನ ಶೆಡ್ಡು, ಸುತ್ತ ಹುಲ್ಲು. ಬೇಲಿಯಾಚೆ ಹೂವಿನ ಗೌನು ತೊಟ್ಟ, ತಲೆಗೂದಲು ನರೆತ ಹೆಂಗಸೊಬ್ಬಳು ದಾಸವಾಳದ ಹಾರ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಸುರುಳಿ ಸುತ್ತಿದ ಚಾಪೆ. ನೀವು ನವೋಮಿ ಎಂದು ಹೆಸರು ಹಿಡಿದು ಕೂಗಿ ಓಡಿದಿರಿ, ಆ ವಯಸ್ಸಿನಲ್ಲಿ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಓಡಿದಿರಿ. ಅವಳು ಹಾರ ಹಾಕಿದಳು. ಚಾಪೆ ನಿಮ್ಮ ಕೈಗಿಟ್ಟಳು. ನಾವು ಹತ್ತಿರ ಬರುವಷ್ಟರಲ್ಲಿ ಅವಳು ಹೇಳುತ್ತಿದ್ದಳು, ಸಿಟ್ಟಿಲ್ಲದೆ, ನಾಚಿಕೊಂಡು: "ನನ್ನ ಮನೆ ಸಣ್ಣದು, ನೀವು ಮಲಗೋಕಾಗಲ್ಲ ಅಂತ ನಿಮ್ಮಣ್ಣ ಹೇಳಿದರು. ಪರವಾಗಿಲ್ಲ. ನಿಮಗೇ ಅಂತ ನೇಯ್ದಿದ್ದು. ಅಲ್ಲೇ ಹಾಸಿಕೊಳ್ಳಿ."

ನೀವು ನನ್ನ ಕಡೆ ತಿರುಗಿದಿರಿ. ನಾನು ಎರಡೂ ಕೈ ಚಾಚಿ, ಹೊಟ್ಟೆ ಅಲುಗಾಡಿಸಿ ನಕ್ಕು, "ಸರ್‌ಪ್ರೈಜ್!" ಎಂದೆ. ರಾಜಣ್ಣನವರು ನೆಲ ನೋಡಿದರು. ಚನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೀವು ಅವಳೂರಿನ ಶಾಲೆಗೆಂದು ತಂದಿದ್ದ ಬಣ್ಣದ ಸೀಮೆಸುಣ್ಣದ ಡಬ್ಬಿಗಳನ್ನು ಬ್ಯಾಗಿನಿಂದ ತೆಗೆದು ಅವಳ ಕೈಗೆ ಕೊಟ್ಟಿರಿ. ಮೂರು ದಿನ ಆಗಬೇಕಾಗಿದ್ದ ಮಾತುಕತೆ ಬೇಲಿಯ ಪಕ್ಕ ನಿಂತ ನಿಲುವಿನಲ್ಲೇ ಮುಗಿಯಿತು. ಆಮೇಲೆ ನನ್ನತ್ತ ನೋಡಿ, ಹಿತವಾದ ದನಿಯಲ್ಲಿ ಎಂದಿರಿ:

"ನಡೀರಿ ಬೀಗರೇ, ಗಾಡಿ ಕಾಯ್ತಾ ಇದೆ."

ಬೈದಿದ್ದರೆ ನಾನು ಬದುಕುತ್ತಿದ್ದೆ.

ರೆಸಾರ್ಟಿನಲ್ಲಿ ನೀವು ಎಲ್ಲವನ್ನೂ ಹೊಗಳಿದಿರಿ. "ತುಂಬಾ ಚೆನ್ನಾಗಿದೆ ಬೀಗರೇ, ಯಾಕೆ ಇಷ್ಟೆಲ್ಲ ತೊಂದರೆ ತಗೊಂಡ್ರಿ?" ಟವೆಲ್ಲಿನಲ್ಲಿ ಮಾಡಿ ಮಂಚದ ಮೇಲಿಟ್ಟಿದ್ದ ಹಂಸ ಚೆನ್ನಾಗಿದೆ ಎಂದಿರಿ, ಈಜುಕೊಳ ಚೆನ್ನಾಗಿದೆ ಎಂದಿರಿ, ಅನಾನಸ್ ಚೆನ್ನಾಗಿದೆ ಎಂದಿರಿ. ಇಂದಿರಮ್ಮನವರೇ, ಯುಗಾದಿಯ ದಿನ ನೀವು ಆಡಿದ್ದೆಲ್ಲ ಬೀಗರ ಉಪಚಾರದ ಮಾತು ಎಂದು ನಾನು ತಪ್ಪು ತಿಳಿದಿದ್ದೆ. ಆಗ ನೀವು ಆಡುತ್ತಿದ್ದದ್ದು ನಿಜವಾದ ಮಾತು. ನಿಜವಾದ ಬೀಗರ ಮಾತು ಶುರುವಾದದ್ದು ಅಲ್ಲಿ, ಆ ಈಜುಕೊಳದ ಪಕ್ಕದಲ್ಲಿ. ನಾನೇ ಬಲವಂತ ಮಾಡಿ ನಿಮ್ಮನ್ನು ಬೀಗಿತ್ತಿ ಮಾಡಿದೆ.

ಮರುದಿನ ಬೆಳಿಗ್ಗೆ ಚನ್ನಕ್ಕ ನಿಮ್ಮ ಕೋಣೆಗೆ ಬಾಚಣಿಗೆ ಕೇಳಲು ಬಂದಾಗ ಆ ದೊಡ್ಡ ಮಂಚದ ಮೇಲೆ ಹಂಸ ಹಾಗೇ ಕೂತಿತ್ತಂತೆ, ಕೊಕ್ಕು ಕೂಡ ಕೆಡದೆ. ನೀವಿಬ್ಬರೂ ನೆಲದ ಮೇಲೆ ನವೋಮಿಯ ಚಾಪೆಯಲ್ಲಿ ಮಲಗಿದ್ದಿರಂತೆ. ಅವಳು ಬಂದು ನನಗೆ ಹೇಳಲಿಲ್ಲ, ಮಧ್ಯಾಹ್ನದವರೆಗೂ. ಹೇಳಿದ್ದು ರಾಜಣ್ಣನವರ ಮಾತಿನ ಜೊತೆಗೆ ಸೇರಿ ಬಂತು. ಅವರು ಕಾಫಿ ಕುಡಿಯುತ್ತ, ದೂರು ಎಂದಲ್ಲ, ಹವಾಮಾನದ ವರದಿ ಓದಿದ ಹಾಗೆ, "ಯುಗಾದಿಯಿಂದ ಇವಳು ಲಿಫ್ಟ್ ಹತ್ತಿಲ್ಲ ಬಾಳಪ್ಪನವರೇ. ಮೆಟ್ಟಿಲೇ. ಬೆಟ್ಟಕ್ಕೆ ಕಾಲು ತಯಾರು ಮಾಡ್ಕೋಬೇಕು ಅಂತ" ಎಂದರು.

ಆಮೇಲೆ ನೀವು ಯುಗಾದಿಯ ದಿನ ಹೇಳಿದ್ದು ಹೇಳಿದ ಹಾಗೇ ನಡೆಯಿತು. ಒಂದೇ ಸಾಯಂಕಾಲಕ್ಕೆ ಗಾಡಿ ಗೊತ್ತಾಗಿತ್ತು. ಎರಡು ಗಂಟೆ ಕುಲುಕಾಡಿಕೊಂಡು ಬೂದಿಯ ಬಯಲಿಗೆ ಬಂದೆವು. ಮಳೆ ಸುರಿದು ಹಳ್ಳ ಬಂದಿತ್ತು. ಬೆಟ್ಟ ಇರಬೇಕಾದ ಕಡೆ ಬರೀ ಬಿಳಿ. ಡ್ರೈವರ್ ಇಳಿದು ನೀರು ನೋಡಿ ತಲೆಯಾಡಿಸಿದ. ಅಷ್ಟರಲ್ಲಿ ಎಲ್ಲೋ ನೆಲದೊಳಗಿಂದ ಒಂದು ಸದ್ದು ಬಂತು. "ಗುಡುಗ" ಎಂದೆ ನಾನು. "ಗುಡುಗಲ್ಲ" ಎಂದಿರಿ ನೀವು. ಕಿಟಕಿಯ ಗಾಜು ಇಳಿಸಿ, ಮಳೆ ಮುಖಕ್ಕೆ ಹೊಡೆಯುತ್ತಿದ್ದರೂ ಹಾಗೇ ಕೂತಿರಿ. ಸದ್ದು ಮತ್ತೆ ಬರಲಿಲ್ಲ. ಗಾಡಿ ತಿರುಗಿತು.

ಮರುದಿನ ಬೆಳಗಾದರೆ ಆಕಾಶ ತೊಳೆದಿಟ್ಟ ಹಾಗಿತ್ತು. ನವೋಮಿಯ ಗುಡಿಸಲಿನಲ್ಲಿದ್ದಿದ್ದರೆ ಚಪ್ಪಲಿ ಮೆಟ್ಟಿ ಹೊರಡುವುದಷ್ಟೇ. ನಮಗೆ ವಿಮಾನದ ಹೊತ್ತಾಗಿತ್ತು.

ಈಗ ನಿಮಗೆ ಗೊತ್ತಿಲ್ಲದ ಒಂದು ಸಂಗತಿ. ಇದನ್ನು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ.

ಆ ಚಿಕ್ಕ ವಿಮಾನದಲ್ಲಿ ರಾಜಣ್ಣನವರು ನಿಮ್ಮನ್ನು ಎಡಗಡೆ ಕಿಟಕಿಗೆ ಕೂರಿಸಿದರು, ಬೆಟ್ಟ ಆ ಕಡೆ ಕಾಣಬಹುದೆಂದು. ನಾನು ಬಲಗಡೆ ಕೂತಿದ್ದೆ. ವಿಮಾನ ಮೇಲೆದ್ದು ವಾಲಿತು. ನನ್ನ ಕಿಟಕಿಯಲ್ಲಿ ಯಾಸೂರ್ ಕಂಡಿತು. ಸುತ್ತ ಕಪ್ಪು ಬೂದಿಯ ಮರುಭೂಮಿ. ನಡುವೆ ಬಾಯಿ ತೆರೆದ ಬೆಟ್ಟ. ಒಂದು ಬೂದುಬಣ್ಣದ ಹೊಗೆಯ ಹೂಕೋಸು ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಬುಡದಲ್ಲಿ ಹಸಿರು, ಆ ಹಸಿರಿನಲ್ಲಿ ನಾಲ್ಕಾರು ಹುಲ್ಲಿನ ಮಾಡು. ನಾನು ತಿರುಗಿ ನೋಡಿದೆ. ನೀವು ಆ ಕಡೆಯ ಗಾಜಿಗೆ ಹಣೆ ಒತ್ತಿ ಬರೀ ಸಮುದ್ರದಲ್ಲಿ ಬೆಟ್ಟ ಹುಡುಕುತ್ತಿದ್ದಿರಿ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ಹೆಸರು ಹಿಡಿದು ಒಂದೇ ಒಂದು ಕೂಗು. ಜೀವನವೆಲ್ಲ ಬೇಡದ ಕಡೆ ಕೂಗಿದ ಈ ಗಂಟಲು ಅಲ್ಲಿ ಕೂಗಲಿಲ್ಲ. ಯಾವ ಮುಖವಿಟ್ಟುಕೊಂಡು ಕರೆಯಲಿ, ನಾನು ಕಿತ್ತುಕೊಂಡಿದ್ದನ್ನು ನಾನೇ ತೋರಿಸಲಾ ಎಂದುಕೊಳ್ಳುವಷ್ಟರಲ್ಲಿ ರೆಕ್ಕೆ ನೇರವಾಯಿತು, ಬೆಟ್ಟ ಹೋಯಿತು. ನಿಮ್ಮ ಬೆಟ್ಟವನ್ನು ನಾನು ನೋಡಿದೆ, ಇಂದಿರಮ್ಮನವರೇ. ನೀವು ನೋಡಲಿಲ್ಲ. ಗುಡಿಸಲು ತಪ್ಪಿಸಿದ್ದು ಮೂರ್ಖತನ ಎಂದು ಬೇಕಾದರೆ ಹೇಳಿಕೊಳ್ಳಬಲ್ಲೆ. ಆ ಮೌನಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಇಷ್ಟಾದರೂ ನಾನು ನೆಟ್ಟಗಾಗಲಿಲ್ಲ, ಕೇಳಿ.

ಮೊನ್ನೆ ನಮ್ಮ ಕಡೆ ಕನ್ನಡದವರೆಲ್ಲ ಸೇರಿ ಗಣಪತಿ ಹಬ್ಬ ಮಾಡಿದೆವು. ಊಟದ ಹೊತ್ತಿಗೆ ಯಾರೋ, "ಬಾಳಪ್ಪ ಅಂಕಲ್, ಜ್ವಾಲಾಮುಖಿ ಕಥೆ ಹೇಳಿ" ಎಂದರು. ಎದ್ದೇಬಿಟ್ಟೆ! ವಿಮಾನದ ಕಿಟಕಿಯಲ್ಲಿ ಕಂಡ ಚೂರನ್ನು ಹಿಡಿದು ಇಡೀ ಬೆಟ್ಟ ಕಟ್ಟಿದೆ. ಬೆಂಕಿಯ ಕಾರಂಜಿ, ಹಾರುವ ಬಂಡೆ, ನಡುಗುವ ನೆಲ. ಪಾಯಸದ ಲೋಟ ಹಿಡಿದವರು ಕುಡಿಯುವುದನ್ನು ಮರೆತರು. ಚಪ್ಪಾಳೆ ಬಿತ್ತು. ಚನ್ನಕ್ಕ ಮಾತ್ರ ಕೋಸಂಬರಿಯ ಪಾತ್ರೆ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದಳು.

ಕ್ರಾನ್‌ಬರ್ನಿನಿಂದ ಬಂದಿದ್ದ ಸುಧನ್ವ, ಕೃಪಾ ಎಂಬ ಹೊಸ ಜೋಡಿ, ವಾರ ವಾರ ಬ್ಯಾಗ್ ಬೆನ್ನಿಗೇರಿಸಿ ಬೆಟ್ಟಗುಡ್ಡ ಅಲೆಯುವವರು, ನನ್ನ ಹತ್ತಿರ ಬಂದರು. "ಅಂಕಲ್, ನಾವೂ ಡಿಸೆಂಬರಲ್ಲಿ ಹೋಗ್ಬೇಕು ಅಂತಿದೀವಿ. ಸ್ಟೇ ಎಲ್ಲಿ ಮಾಡೋಣ? ರೆಸಾರ್ಟ್ ಬೆಟರಾ?" ಎಂದಳು ಕೃಪಾ.

ನಾನು ಬಾಯಿ ತೆರೆದೆ. ಬಂದದ್ದು ನಿಮ್ಮ ಮಾತು. "ರೆಸಾರ್ಟ್ ಬ್ಯಾಡವ್ವ. ಅಲ್ಲಿಂದ ಬೆಟ್ಟಕ್ಕ ಎರಡು ತಾಸು. ಒಂದ ಸಲ ಹೋಗಿ ಬರಬಹುದು, ಅವತ್ತ ಮೋಡ ಇದ್ರ ಮುಗೀತು. ಬುಡದಾಗ ನವೋಮಿ ಅಂತ ಅದಾಳ. ಆಕಿ ಗುಡಿಸಲದಾಗ ಇಳೀರಿ. ಲಾಟೀನು, ಬಕೀಟು ನೀರು. ಮೋಡ ಸರಿಯೂ ತನಕ ಕಾಯಬಹುದು. ಮಲಗಿದ್ರ ನೆಲದಾಗ ಸದ್ದು ಕೇಳತೈತಿ. ಮುಂಜಾನೆ ಎದ್ರ ಹೊದಿಕಿ ಮ್ಯಾಲೆ ಬೂದಿ ಇರತೈತಿ..."

ಒಂದಕ್ಷರವೂ ತಪ್ಪಿರಲಿಲ್ಲ. ಅಂದರೆ ಯುಗಾದಿಯ ದಿನ ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ. ಕೇಳಿಸಲಿಲ್ಲ ಎಂಬ ಒಂದು ನೆಪ ಇಟ್ಟುಕೊಂಡಿದ್ದೆ ಈವರೆಗೆ, ಅದೂ ಹೋಯಿತು. ಕೇಳಿಸಿಕೊಂಡಿದ್ದೆ. ನಂಬಲಿಲ್ಲ.

"ಸೂಪರ್ ಅಂಕಲ್! ನೀವು ಅಲ್ಲಿ ಎಷ್ಟು ದಿನ ಇದ್ರಿ?" ಎಂದ ಸುಧನ್ವ.

ಚನ್ನಕ್ಕ ಪಾತ್ರೆಯನ್ನು ಟೇಬಲ್ ಮೇಲೆ ಕುಕ್ಕಿ, "ನಾವು ಅಲ್ಲಿ ಇಳೀಲಿಲ್ಲಪ್ಪ. ಈಜುಗೊಳ ಇದ್ದಲ್ಲೆ ಇಳದಿದ್ವಿ. ಬೆಟ್ಟಾ ನೋಡಲಿಲ್ಲ. ಅಂಕಲ್ ಏನ ಹೇಳಿದ್ರಲ್ಲ, ಅದು ನಾಟಕ" ಎಂದಳು. ಎಲ್ಲರೂ ಹೋ ಎಂದು ನಕ್ಕರು. ಇದೂ ನನ್ನ ಜೋಕಿನ ಒಂದು ಭಾಗ ಎಂದುಕೊಂಡರು. ತುಂಬಿದ ಪಂಕ್ತಿಯ ನಡುವೆ ಕೈಯಲ್ಲಿ ಪಾಯಸದ ಲೋಟ ಹಿಡಿದು ತಲೆ ತಗ್ಗಿಸಿ ನಿಂತಾಗ ಅಪ್ಪ ನೆನಪಾದ. ಆದರೆ ಅಪ್ಪ ಅವತ್ತು ಯಾರ ಮಾತನ್ನೋ ನಂಬಿ ತಲೆ ತಗ್ಗಿಸಿದ್ದ. ನಾನು ನಂಬದೆ ತಗ್ಗಿಸಿದೆ. ಯಾರೋ ಚಿಕ್ಕಪ್ಪ ಆಡಿದ ಮಾತಿಗೆ ಅಷ್ಟು ವರ್ಷದ ಮೇಲೆ ನಿಮ್ಮ ಮೇಲೆ ಸೇಡು ತೀರಿಸಿಕೊಂಡೆ. ನೀವು ಅವನಲ್ಲ ಎಂಬುದು ಬೆಳ್ಳುಳ್ಳಿ ಸುಲಿಯುತ್ತಿದ್ದವಳಿಗೆ ಗೊತ್ತಿತ್ತು.

ಮನೆಗೆ ಬಂದ ಮೇಲೆ ಆರತಿಗೆ ಫೋನ್ ಮಾಡಿ, "ನಿಮ್ಮ ಅತ್ತಿಯವರು ನನ್ನ ಬಗ್ಗೆ ಏನಂತಾರವ್ವ?" ಎಂದು ಕೇಳಿದೆ. "ಏನೂ ಅನ್ನಲ್ಲಪ್ಪ, ದಟ್ಸ್ ದ ಪ್ರಾಬ್ಲಂ. ಅವರು ಈಗ್ಲೂ ಲಿಫ್ಟ್ ಹತ್ತಲ್ಲ" ಎಂದಳು.

ಈಗಲೂ ಲಿಫ್ಟ್ ಹತ್ತುವುದಿಲ್ಲ! ಇಂದಿರಮ್ಮನವರೇ, ಆ ಒಂದು ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಮರುದಿನವೇ ನವೋಮಿಗೆ ಫೋನ್ ಮಾಡಿದೆ. ದನಿ ತಗ್ಗಿಸಿಯೇ ಮಾತಾಡಿದೆ, ಚನ್ನಕ್ಕ ಎದುರಿಗೆ ಕೂತು ಕೈಯಲ್ಲಿ ಇಳಿಸು ಇಳಿಸು ಎಂದು ಸನ್ನೆ ಮಾಡುತ್ತಿದ್ದಳು. ದೊಡ್ಡ ಜನ ಎಂದದ್ದು ನಾನು, ಟೀಚರಮ್ಮ ಅಲ್ಲ, ಅವರಿಗೆ ನಿಮ್ಮ ಮನೆಯೇ ಬೇಕಾಗಿತ್ತು ಎಂದೆ. ಆ ಕಡೆ ಗಾಳಿ, ಕೋಳಿ. ಅವಳು ನಕ್ಕಳು. "ಗೊತ್ತಿತ್ತು. ಚಾಪೆ ತಗೊಂಡಾಗ ಅವರ ಕೈ ಅದನ್ನ ಹೇಗೆ ಹಿಡೀತು ಅಂತ ನೋಡಿದೆ" ಎಂದಳು. ಹಾಗಾದರೆ ಬುಕ್ ಮಾಡಲಾ ಎಂದೆ.

"ನಿಮ್ಮಿಂದ ಬುಕಿಂಗ್ ತಗೊಳ್ಳಲ್ಲ. ಟೀಚರಮ್ಮ ಫೋನ್ ಮಾಡಲಿ. ಯಾವಾಗ ಬರ್ತಾರೆ, ಯಾರ ಜೊತೆ ಬರ್ತಾರೆ, ಅವರೇ ಹೇಳಲಿ" ಎಂದಳು.

ಸರಿಯಾಗಿಯೇ ಹೇಳಿದಳು. ಹಾಗಾಗಿ ಈ ಸಲ ನಿಮಗಾಗಿ ನಾನು ಏನನ್ನೂ ಗೊತ್ತು ಮಾಡಿಲ್ಲ. ಟಿಕೆಟ್ಟಿಲ್ಲ, ಸರ್‌ಪ್ರೈಜಿಲ್ಲ. ಅವಳ ನಂಬರ್ ನಿಮ್ಮಿಂದ ಇಸಿದುಕೊಂಡವನು ನಾನು. ಅದನ್ನು ಈ ಕಾಗದದ ಬೆನ್ನಿಗೆ ಬರೆದು ನಿಮ್ಮ ಕೈಗೇ ಹಿಂದಿರುಗಿಸುತ್ತಿದ್ದೇನೆ. ಹೊಸ ಗೋಡೆ ಇನ್ನೂ ಹಾಗೇ ಇದೆಯಂತೆ, ಸ್ವಲ್ಪ ಕಪ್ಪಾಗಿದೆಯಂತೆ, ಬೂದಿಗೆ. ನೀವು ಮತ್ತು ರಾಜಣ್ಣನವರು ಇಬ್ಬರೇ ಹೋಗಿ ಬನ್ನಿ. ನಾನು ಇಲ್ಲಿ ವೆರಿಬೀಯಲ್ಲಿ ಕೂತು, ಇವತ್ತು ಅಲ್ಲಿ ಮೋಡ ಇರಬಹುದೇ ಎಂದು ಚನ್ನಕ್ಕನ ತಲೆ ತಿನ್ನುತ್ತೇನೆ. ಅಷ್ಟು ಶಿಕ್ಷೆ ನನಗೂ ಅವಳಿಗೂ ಸಾಲದು ಎನಿಸಿದರೆ, ನಮ್ಮನ್ನೂ ಕರೆಯಿರಿ.

ಕರೆದರೆ ಯಾವ ಪಾರ್ಟಿನಲ್ಲಿ ಬರುತ್ತೇನೆ ಎಂಬುದನ್ನೂ ಹೇಳಿಬಿಡಿ ಎಂದಳು ಚನ್ನಕ್ಕ. ನಮ್ಮ ಕಂಪನಿಯಲ್ಲಿ ಶೇಖರಪ್ಪ ಎಂಬ ಪರದೆ ಎಳೆಯುವವನಿದ್ದ. ರಾಜ ಬರಲಿ, ರಾಣಿ ಸಾಯಲಿ, ಅವನು ಹಗ್ಗ ಹಿಡಿದು ಕತ್ತಲಲ್ಲಿ ನಿಂತಿರುತ್ತಿದ್ದ. ಶಿಳ್ಳೆ ಕೇಳಿದರೆ ಎಳೆಯುತ್ತಿದ್ದ, ಸುಮ್ಮನಾಗುತ್ತಿದ್ದ. ನಾಟಕ ಹೇಗಿತ್ತು ಎಂದು ಅವನನ್ನು ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಅವನ ಹಗ್ಗ ಸಿಕ್ಕಿಕೊಂಡರೆ ಮಾತ್ರ ಅವನೊಬ್ಬನಿದ್ದಾನೆ ಎಂದು ಎಲ್ಲರಿಗೂ ನೆನಪಾಗುತ್ತಿತ್ತು. ಆ ಪಾರ್ಟು ಕೊಡಿ ನನಗೆ. ನಿಮ್ಮ ನೀರಿನ ಬಾಟಲಿ ಹೊತ್ತು ಹಿಂದೆ ಬರುತ್ತೇನೆ. ಬೆಟ್ಟದ ಅಂಚಿಗೆ ನೀವು ಮೊದಲು ಹೋಗಿ ಇಣುಕಿ ನೋಡಿ. ಅದು ಹೇಗಿದೆ ಎಂದು ನಾನು ಹೇಳುವುದಿಲ್ಲ. ಮೊದಲ ಮಾತು ಬೆಟ್ಟದ್ದು, ಎರಡನೆಯದು ನಿಮ್ಮದು. ತಿಪಟೂರಿನ ಕ್ಲಾಸಿನಲ್ಲಿ ಆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ, ತಿರುಗಿ ಹಿಂದೆ ನಿಂತವನನ್ನು ಏನೆಂದು ಕರೆಯಬೇಕೋ ಅದು ನಿಮಗೆ ಬಿಟ್ಟದ್ದು. ಬೀಗರೇ ಎಂದರೂ ನಾನು ಓಗೊಡುತ್ತೇನೆ, ಮೆಲ್ಲಗೆ.

ರಾಜಣ್ಣನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿಮ್ಮ ಮೊಣಕಾಲಿಗೆ ಬಲ ಬರಲಿ, ನೀವು ಹತ್ತುವ ದಿನ ಬೆಟ್ಟದ ಮೇಲೆ ಒಂದು ತುಣುಕು ಮೋಡವೂ ಇರದಿರಲಿ, ಬೆಳಗಾಗೆದ್ದಾಗ ನಿಮ್ಮ ಹೊದಿಕೆಯ ಮೇಲೆ ಬೇಕಾದಷ್ಟು ಬೂದಿ ಬಿದ್ದಿರಲಿ.

ಇಂತಿ,
ಹಗ್ಗ ಹಿಡಿದು, ನಿಮ್ಮ ಶಿಳ್ಳೆಗೆ ಕಾಯುತ್ತಿರುವ
ಬಾಳಪ್ಪ